ಯಾರ ಕಡ್ಡಾಯ?

‘ಕಡ್ಡಾಯ ಏನಲ್ಲ, ಆದ್ರೆ ಬೇಕೇ ಬೇಕು.’ ಬ್ಯಾಂಕು, ಸಿಮ್ ಮಾರುವ ಅಂಗಡಿ, ಶಾಲೆಯ ದಾಖಲಾತಿ ಕೋಣೆ, ಆಧಾರ್ ಮಾತು ಬಂದಲ್ಲೆಲ್ಲ ಈ ವಾಕ್ಯ ಕಿವಿಗೆ ಬೀಳುತ್ತದೆ. ಮೊದಲರ್ಧ ಕಾನೂನಿನದು, ಉಳಿದರ್ಧ ಕೌಂಟರಿನದು. ಆಡಿದವರಿಗೆ ಅದರಲ್ಲಿ ತೊಡಕು ಕಾಣುವುದಿಲ್ಲ. ಕೇಳಿದವರು ಜೆರಾಕ್ಸ್ ತೆಗೆದು ಕೊಟ್ಟು ಬರುತ್ತಾರೆ. ‘ಕಡ್ಡಾಯ’ ಎಂಬ ಪದದ ಹುಟ್ಟಿನ ಬಗ್ಗೆ ನನಗೊಂದು ಊಹೆಯಿದೆ. ಕಂದಾಯ, ಹೊಯ್ಸಳ ಶಾಸನಗಳ ಸಿದ್ಧಾಯ, ಈ ತೆರಿಗೆಗಳ ಹೆಸರಿನ ಕೊನೆಯ ‘ಆಯ’ಕ್ಕೆ ‘ಕಡು’ ಸೇರಿ ಕಡ್ಡಾಯವಾಗಿರಬೇಕು: ತಪ್ಪಿಸಿಕೊಳ್ಳಲಾಗದ ತೆರಿಗೆ. ತಮಿಳಿನ ‘ಕಟ್ಟಾಯಂ’ ತೋರಿಸಿ ಇದು ‘ಕಟ್ಟು’ವಿನ ಮಗು ಎಂದು ಯಾರಾದರೂ ವಾದಿಸಿದರೆ ಜಗಳವಾಡುವುದಿಲ್ಲ, ಊಹೆಯನ್ನು ಬಿಡುವುದೂ ಇಲ್ಲ. ಏಕೆಂದರೆ ಅದು ಒಂದು ವ್ಯತ್ಯಾಸವನ್ನು ತೋರಿಸುತ್ತದೆ: ಶಾಸನದ ತೆರಿಗೆಗೆ ಹಾಕಿದವನ ಹೆಸರಿತ್ತು, ಮನ್ನಾ ಮಾಡಿದವನ ಹೆಸರೂ ಇತ್ತು. ಇಂದಿನ ‘ಆಧಾರ್ ಕಡ್ಡಾಯ’ ಎಂಬ ಫಲಕದಲ್ಲಿ ಕ್ರಿಯಾಪದವಿಲ್ಲ, ಕರ್ತೃವೂ ಇಲ್ಲ. ಯಾರು ಕಡ್ಡಾಯ ಮಾಡಿದರು, ಯಾವ ಅಧಿಕಾರದಿಂದ ಎಂದು ಕೇಳಲು ಎದುರಿಗೆ ಒಬ್ಬ ಮನುಷ್ಯನೂ ಸಿಗುವುದಿಲ್ಲ. ಸರ್ಕಾರದ ಕೈ ಉದ್ದವಾಗುವುದು ದೊಡ್ಡ ಕಾಯ್ದೆಗಳಿಂದ ಮಾತ್ರವಲ್ಲ, ಇಂಥ ಕರ್ತೃವಿಲ್ಲದ ವಾಕ್ಯಗಳಿಂದಲೂ ಎಂಬುದು ನನ್ನ ವಾದ.

ಸಾಕ್ಷ್ಯಕ್ಕೆ ದೂರ ಹೋಗಬೇಕಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದೆಂದು 2013ರ ಸೆಪ್ಟೆಂಬರಿನಲ್ಲೇ ಮಧ್ಯಂತರ ಆದೇಶ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸಹಾಯಧನಕ್ಕೂ ಪ್ಯಾನ್ ಜೋಡಣೆಗೂ ಆಧಾರ್ ಕೇಳುವುದನ್ನು ಒಪ್ಪಿ, ಬ್ಯಾಂಕ್ ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಜೋಡಿಸಲೇಬೇಕೆಂಬ ಒತ್ತಾಯವನ್ನು ಹೊಡೆದುಹಾಕಿತು. ಆಧಾರ್ ಕಾನೂನಿನ 2019ರ ತಿದ್ದುಪಡಿ ಆ ಜೋಡಣೆಯನ್ನು ಸ್ವಯಂಪ್ರೇರಿತ ಆಯ್ಕೆಯೆಂದು ಮತ್ತೆ ಒಳಗೆ ತಂದಿತು. ಪಾಸ್‌ಪೋರ್ಟಿನಂಥ ಬೇರೆ ದಾಖಲೆಯೂ ನಡೆಯುತ್ತದೆಂದು ಅದರಲ್ಲೇ ಬರೆದಿದೆ. ಕೌಂಟರಿನ ವಾಕ್ಯ ಮಾತ್ರ ಕದಲಲಿಲ್ಲ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿಗೇ ಹೇಳಿ ಮಾಡಿಸಿದಂತಿದೆ. ಅದರ ಕೊನೆಯ ಪದವನ್ನು ನೋಡಿ. ‘ಕೊಡ’ ಎಂಬುದು ಹಳೆಯ ನಿಷೇಧರೂಪ, ಅದಕ್ಕೆ ಕಾಲವೇ ಇಲ್ಲ: ಕೊಡಲಿಲ್ಲ, ಕೊಡುತ್ತಿಲ್ಲ, ಕೊಡುವುದೂ ಇಲ್ಲ, ಮೂರೂ ಆ ಎರಡಕ್ಷರದಲ್ಲಿವೆ. ಪೂಜಾರಿ ಕೆಟ್ಟವನೆಂದೂ ಗಾದೆ ಹೇಳುವುದಿಲ್ಲ. ಅವನು ಬಾಗಿಲ ಬಳಿ ಇದ್ದಾನೆ, ಅಷ್ಟೇ. ವರ ಅವನ ಕೈ ದಾಟಿಯೇ ಬರಬೇಕು. ಆದರೂ ಈ ಗಾದೆ ಮಾಡಿದ ಒಂದು ಕೆಲಸವನ್ನು ಇಂದಿನ ಆಡಳಿತ ಕನ್ನಡ ಮಾಡುತ್ತಿಲ್ಲ: ಅದು ತಡೆದವನನ್ನು ಹೆಸರಿಸಿತು. ‘ವರ ಸಿಗತಕ್ಕದ್ದಲ್ಲ’ ಎಂದು ಸುತ್ತೋಲೆಯ ಭಾಷೆಯಲ್ಲಿ ಬರೆದಿದ್ದರೆ ಪೂಜಾರಿ ಯಾರಿಗೂ ಕಾಣುತ್ತಿರಲಿಲ್ಲ.

ಗುರುತೇ ಇಲ್ಲದೆ ಸರ್ಕಾರ ಬಡವರಿಗೆ ಪಡಿತರ ಮುಟ್ಟಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, 2018ರ ತೀರ್ಪೂ ಅದನ್ನು ಮನ್ನಿಸಿದೆ. ನನ್ನ ತಕರಾರು ಗುರುತಿನ ಮೇಲಲ್ಲ, ಪಡಿತರಕ್ಕೆ ಒಪ್ಪಿದ್ದು ಯಾರೂ ಆಜ್ಞೆ ಮಾಡದೆ ಸಿಮ್ಮಿಗೂ ಹಬ್ಬುವುದರ ಮೇಲೆ. ಜನರೇ ಖುಷಿಯಿಂದ ಕೊಡುತ್ತಿರುವಾಗ ನಿಮಗೇನು ಎಂಬ ಮಾತೂ ಇದೆ. ಬೇರೆ ದಾಖಲೆ ನಡೆಯುತ್ತದೆಂದು ಹೇಳದೇ ಪಡೆದ ಒಪ್ಪಿಗೆಯನ್ನು ಖುಷಿ ಎಂದು ನಾನು ಕರೆಯಲಾರೆ.

ಇಷ್ಟು ಬೈದ ಮೇಲೆ ‘ಕಡ್ಡಾಯ’ ಪದದ ಒಂದು ಒಳ್ಳೆಯ ಬಾಳನ್ನೂ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹೆಸರಿನಲ್ಲೇ ‘ಉಚಿತ ಮತ್ತು ಕಡ್ಡಾಯ’ ಎಂದಿದೆ. ಕಡ್ಡಾಯ ಮಗುವಿನ ಮೇಲೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಾಯ್ದೆಯ 8ನೇ ಸೆಕ್ಷನ್ ಬೇರೆಯದನ್ನೇ ಹೇಳುತ್ತದೆ: ‘ಕಡ್ಡಾಯ ಶಿಕ್ಷಣ’ವೆಂದರೆ ಶಿಕ್ಷಣ ಒದಗಿಸಲು ಸರ್ಕಾರಕ್ಕಿರುವ ಬಾಧ್ಯತೆ. ಅಲ್ಲಿ ಕಟ್ಟಿಹಾಕಿರುವುದು ಆಳುವವರನ್ನು. ಫಲಕ ಬರೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಡ್ಡಾಯ ಎಂದು ಬರೆದರೆ ಅದರ ಕೆಳಗೆ ಯಾವ ಕಾಯ್ದೆ, ಯಾವ ಸೆಕ್ಷನ್ ಎಂಬುದನ್ನೂ ಬರೆಸಿ. ಸೆಕ್ಷನ್ ಸಿಗದಿದ್ದರೆ ಆ ಪದವನ್ನು ಅಳಿಸಿ.