ಮರಕ್ಕೆ ತಕ್ಕ ಪಿಕಪ್: ಇತಿಹಾಸ ಏನು ಹೇಳುತ್ತೆ?

ಪುಣೆಯಲ್ಲಿರಲಿ, ಹೈದರಾಬಾದಲ್ಲಿರಲಿ, ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡಿರೋ ನಮ್ಮವರು ಬೋನಸ್ ಬಂದ ತಿಂಗಳು ಕೇಳೋ ಪ್ರಶ್ನೆ ಒಂದಿದೆ: "ನನ್ನ ಗಿಟಾರ್ ಮಹೋಗನಿದು, ಯಾವ ಪಿಕಪ್ ಹಾಕಿಸಲಿ?" ಮಹೋಗನಿ ಅಂದ್ರೆ ಮಂದ ದನಿ, ಅದಕ್ಕೆ ಚೂಪು ದನಿಯ ಪಿಕಪ್ ಬೇಕು ಅನ್ನೋ ಸೂತ್ರ ನಂಬಿ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಖರ್ಚು ಮಾಡಿದವನು ನಾನೂ ಹೌದು. ಆಮೇಲೆ ಹಳೇ ಕಥೆ ಓದಿದೆ. ಮೊದಲೇ ಓದಿದ್ದರೆ ದುಡ್ಡು ಉಳೀತಿತ್ತು.

ವೀಣೆಯಲ್ಲಿ ತಂತಿಯ ಕಂಪನವನ್ನು ಕಿವಿಗೆ ಮುಟ್ಟಿಸೋದೇ ಹಲಸಿನ ಮರದ ಕೊಡ. ಎಲೆಕ್ಟ್ರಿಕ್ ಗಿಟಾರಲ್ಲಿ ಹಾಗಲ್ಲ. ಪಿಕಪ್ ಅಂದರೆ ಅಯಸ್ಕಾಂತ ಮತ್ತು ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಅದು ಹಿಡಿಯೋದು ಉಕ್ಕಿನ ಅಲುಗಾಟವನ್ನು. ಮರ ಆ ಅಲುಗಾಟದ ಶಕ್ತಿಯನ್ನು ಒಂದಿಷ್ಟು ಹೀರಬಹುದು, ಆದರೆ ಅದರ ಪಾತ್ರ ಪರೋಕ್ಷ.

1932ರಲ್ಲಿ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಮಾರುಕಟ್ಟೆಗೆ ತಂದ ಗಿಟಾರ್ ನೋಡಿ. ತೊಡೆ ಮೇಲಿಟ್ಟು ನುಡಿಸೋದು, ನೋಡೋಕೆ ಬಾಣಲೆ ಥರ, ಹಾಗಾಗಿ "ಫ್ರೈಯಿಂಗ್ ಪ್ಯಾನ್" ಅಂತಲೇ ಹೆಸರು. ಅದರ ಮೈ ಎರಕದ ಅಲ್ಯೂಮಿನಿಯಂ. ಅಂದರೆ ಮಾರುಕಟ್ಟೆಗೆ ಬಂದ ಆ ಗಿಟಾರಿಗೆ ಮರದ ಮೈಯೇ ಇರಲಿಲ್ಲ.

ಇನ್ನೂ ಒಳ್ಳೇ ಸಾಕ್ಷಿ ಗಿಬ್ಸನ್‌ನ ಲೆಸ್ ಪಾಲ್. 1952ರಲ್ಲಿ ಬಂದಾಗ ಮಹೋಗನಿ ಮೈ, ಮೇಲೆ ಮೇಪಲ್ ಹಲಗೆ, ಒಂದೇ ಸುರುಳಿಯ ಪಿ-90 ಪಿಕಪ್. ಒಂದೇ ಸುರುಳಿ ಸುತ್ತಲಿನ ಕರೆಂಟಿನ ಗುಂಯ್‌ಗುಡೋ ಸದ್ದನ್ನೂ ಎಳ್ಕೊಳ್ಳುತ್ತೆ. ಗಿಬ್ಸನ್‌ನ ಎಂಜಿನಿಯರ್ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಸದ್ದು ತಾನೇ ರದ್ದಾಗೋ ಹಾಗೆ ಮಾಡಿದರು. 1955ರಲ್ಲಿ ಪೇಟೆಂಟ್ ಅರ್ಜಿ, 1957ರಲ್ಲಿ ಲೆಸ್ ಪಾಲ್ ಮೇಲೆ ಆ ಹಂಬಕರ್. ಮರ ಅದೇ ಮಹೋಗನಿ, ಅದೇ ಮೇಪಲ್. ದನಿ ಮಾತ್ರ ಬೇರೆ: ತುಂಬಿಕೊಂಡ, ದಪ್ಪ ದನಿ.

ಅಲ್ಲಿಂದ 1972ಕ್ಕೆ ಬನ್ನಿ. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೋ "ಸೂಪರ್ ಡಿಸ್ಟಾರ್ಷನ್" ಅನ್ನೋ ಪಿಕಪ್ ಮಾಡಿದರು. ಬದಲಿ ಪಿಕಪ್ ವ್ಯಾಪಾರಕ್ಕೆ ದಾರಿ ತೆರೆದದ್ದು ಇದೇ. ಸೆರಾಮಿಕ್ ಅಯಸ್ಕಾಂತ, ಜೋರು ಸಿಗ್ನಲ್. ಉದ್ದೇಶ ಆಂಪ್ಲಿಫೈಯರನ್ನು ಇನ್ನಷ್ಟು ಬಲವಾಗಿ ತಳ್ಳೋದು.

ಎಡ್ಡಿ ವ್ಯಾನ್ ಹೇಲೆನ್ ಅಂತೂ ಸೂತ್ರವನ್ನೇ ಮುರಿದರು. ಫೆಂಡರ್ ಶೈಲಿಯ ಆ್ಯಶ್ ಮರದ ಅಗ್ಗದ ಮೈ ತಗೊಂಡು, ಅದರಲ್ಲಿ ಗಿಬ್ಸನ್ ಇಎಸ್-335ರಿಂದ ಕಿತ್ತ ಹಂಬಕರ್ ಕೂರಿಸಿದರು. ಕೀರಲದೇ ಇರಲಿ ಅಂತ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿದರು. 1978ರ ಅವರ ಮೊದಲ ಆಲ್ಬಂನ ದನಿಯನ್ನು ಎಷ್ಟೋ ಜನ ಇವತ್ತಿಗೂ ಬೆನ್ನಟ್ಟುತ್ತಾರೆ.

ಹಾಗಾದ್ರೆ ಮರಕ್ಕೆ ಬೆಲೆನೇ ಇಲ್ವಾ? ಇದೆ. ತೂಕ, ಕೈಯಲ್ಲಿ ಹಿಡಿದಾಗಿನ ಕಂಪನ, ಚೆಂದ, ಬಾಳಿಕೆ ಎಲ್ಲ ಮರದ್ದೇ. ಆದರೆ ಪಿಕಪ್ ಆರಿಸುವಾಗ ಮೊದಲ ಪ್ರಶ್ನೆ ಅದಲ್ಲ. ಸುರುಳಿ ಒಂದೋ ಎರಡೋ, ಯಾವ ಅಯಸ್ಕಾಂತ, ಬ್ರಿಡ್ಜ್‌ಗೆ ಎಷ್ಟು ಹತ್ತಿರ, ಒಳಗಿನ ಪಾಟ್ 250 ಕಿಲೋಓಮ್‌ದೋ 500ದೋ ಅಂತ ಕೇಳಿ. 250ರ ಪಾಟ್‌ಗೆ ಹಂಬಕರ್ ಸೇರಿಸಿದರೆ ದನಿ ಮಂದ ಆಗುತ್ತೆ, ಬೈಗುಳ ಮಾತ್ರ ಮರಕ್ಕೆ.

ನನ್ನ ಕಥೆ ಏನಾಯ್ತು ಅಂದ್ರೆ, ಹೊಸ ಪಿಕಪ್ ಹಾಕಿಸಿದ ಮೇಲೂ ದನಿ ಮಬ್ಬೇ. ಒಂದು ಭಾನುವಾರ ಸ್ಕ್ರೂಡ್ರೈವರ್ ತಗೊಂಡು ಎತ್ತರ ನೋಡಿದೆ. ಪಿಕಪ್ ತಂತಿಗಳಿಂದ ತೀರಾ ಕೆಳಗೆ ಕೂತಿತ್ತು. ಎರಡು ಸ್ಕ್ರೂ ತಿರುಗಿಸಿ ಮೇಲೆತ್ತಿದೆ, ದನಿ ತೆರೆದುಕೊಳ್ತು. ಕುತೂಹಲಕ್ಕೆ ಹಳೇ ಪಿಕಪ್ಪನ್ನು ವಾಪಸ್ ಹಾಕಿ ಅದನ್ನೂ ಅಷ್ಟೇ ಎತ್ತರಕ್ಕೆ ತಂದೆ. ಅದೂ ಚೆನ್ನಾಗೇ ಇತ್ತು.

ಅದಕ್ಕೇ ಹೇಳೋದು, ಕಾರ್ಡ್ ಉಜ್ಜೋ ಮುಂಚೆ ಸ್ಕ್ರೂ ತಿರುಗಿಸಿ ನೋಡಿ. ಮುಂದಿನ ಮಾತಲ್ಲಿ ಸಿಗೋಣ.