ಗಾಜಿನ ತೊಟ್ಟಿಯಲ್ಲಿ ಕೋರಿಡೋರಸ್ ಮೀನಿನ ಸಂತಾನಾಭಿವೃದ್ಧಿ: ಒಂದು ಐತಿಹಾಸಿಕ ಪರಿಶೀಲನೆ

೧

ರಾಜವಂಶಗಳ ಏಳುಬೀಳುಗಳಿಗೆ ಕಾಲನಿರ್ಣಯ ಮಾಡುವ ಇತಿಹಾಸಕಾರನು ಮನೆಯ ಮೂಲೆಯಲ್ಲಿರುವ ಗಾಜಿನ ತೊಟ್ಟಿಯ ಕಡೆಗೆ ಕಣ್ಣು ಹಾಯಿಸುವುದು ಅಪರೂಪ. ಆದರೆ ಮನುಷ್ಯನು ಪ್ರಾಣಿಗಳನ್ನು ತನ್ನ ಮನೆಗೆ ತಂದು ಅಲ್ಲಿಯೇ ಅವುಗಳ ಸಂತತಿಯನ್ನು ಬೆಳೆಸಿದ ವೃತ್ತಾಂತವೂ ಇತಿಹಾಸದ ಒಂದು ಭಾಗವೇ. ಹಸು, ನಾಯಿಗಳಿಗೆ ಸಂಬಂಧಿಸಿದ ಅಧ್ಯಾಯಗಳು ಬರಹವು ಹುಟ್ಟುವುದಕ್ಕೆ ಮುಂಚೆಯೇ ಮುಗಿದುಹೋದುವು. ಅವುಗಳಿಗೆ ಸಾಕ್ಷಿಯಾಗಿ ಉಳಿದಿರುವುವು ಬಹುಮಟ್ಟಿಗೆ ಎಲುಬುಗಳು. ಗಾಜಿನ ತೊಟ್ಟಿಯ ಮೀನುಗಳ ಅಧ್ಯಾಯವಾದರೋ ಅಚ್ಚಿನ ಯಂತ್ರದ ಕಾಲದಲ್ಲಿ ನಡೆದದ್ದು. ಆದಕಾರಣ ಅದನ್ನು ಲಿಖಿತ ಆಧಾರಗಳಿಂದಲೇ ಪರಿಶೀಲಿಸಲು ಸಾಧ್ಯವಾಗಿದೆ.

ಈ ಅಧ್ಯಾಯದಲ್ಲಿ ದಕ್ಷಿಣ ಅಮೆರಿಕದ ಕೋರಿಡೋರಸ್ ಎಂಬ ಸಣ್ಣ ಮೀಸೆಮೀನಿಗೆ ಒಂದು ವಿಶಿಷ್ಟ ಸ್ಥಾನವುಂಟು. ಇಂದು ಬೆಂಗಳೂರಿನ ಅಲಂಕಾರ ಮೀನಿನ ಅಂಗಡಿಗಳಲ್ಲಿಯೂ ಇದು ದೊರೆಯುತ್ತದೆ. ಈ ಮೀನು ಯೂರೋಪಿನ ಗಾಜಿನ ತೊಟ್ಟಿಯಲ್ಲಿ ಮೊಟ್ಟೆಯಿಟ್ಟು ಮರಿಯಾದದ್ದು ೧೮೭೮ರಲ್ಲಿ, ಪ್ಯಾರಿಸ್ ನಗರದಲ್ಲಿ. ಆದರೆ ಆ ಮೊಟ್ಟೆಗಳಿಗೆ ಗಂಡುಮೀನಿನ ವೀರ್ಯವು ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಪ್ರಯೋಗದ ಆಧಾರವುಳ್ಳ ಉತ್ತರವು ಪ್ರಕಟವಾದದ್ದು ೧೯೯೫ರಲ್ಲಿ. ಮಾಡಿ ತೋರಿಸಿದುದಕ್ಕೂ ಮಾಡಿದ್ದೇನೆಂದು ಅರಿತುದಕ್ಕೂ ನಡುವೆ ೧೧೭ ವರ್ಷಗಳು ಕಳೆದುವು. ಈ ಅಂತರಕ್ಕೆ ಕಾರಣವೇನು, ಅದರಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದುದೇನು ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಕೋರಿಡೋರಸ್ ಎಂಬ ಹೆಸರನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾಸೆಪೇಡನು ೧೮೦೩ರಲ್ಲಿ ಕೊಟ್ಟನು. ಗ್ರೀಕ್ ಭಾಷೆಯ ಎರಡು ಪದಗಳು ಇದರಲ್ಲಿ ಸೇರಿವೆ. ಮೊದಲನೆಯದಕ್ಕೆ ಶಿರಸ್ತ್ರಾಣವೆಂದೂ ಎರಡನೆಯದಕ್ಕೆ ಚರ್ಮವೆಂದೂ ಅರ್ಥ. ಈ ಮೀನುಗಳ ಮೈಮೇಲೆ ಸಾಮಾನ್ಯ ಮೀನುಗಳಿಗಿರುವಂಥ ಹುರುಪೆಗಳಿಲ್ಲ. ಎರಡು ಪಕ್ಕಗಳಲ್ಲಿಯೂ ಎರಡೆರಡು ಸಾಲಾಗಿ ಜೋಡಿಸಿದ ಎಲುಬಿನ ಫಲಕಗಳಿವೆ. ಕವಚ ತೊಟ್ಟ ಯೋಧನ ನೆನಪು ನಾಮಕರಣ ಮಾಡಿದವನಿಗೆ ಬಂದುದು ಸಹಜವೇ. ಬಹುತೇಕ ಜಾತಿಗಳ ಉದ್ದ ಎರಡು ಮೂರು ಅಂಗುಲಗಳನ್ನು ಮೀರುವುದಿಲ್ಲ. ಇವು ಬಾಯಿಯ ಸುತ್ತಲಿನ ಮೀಸೆಗಳಿಂದ ತಳದ ಮರಳನ್ನು ತಡವುತ್ತ ಹುಳುಹುಪ್ಪಟೆಗಳನ್ನು ಹುಡುಕಿ ತಿನ್ನುತ್ತವೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕೋರಿಡೋರಸ್ ಪೇಲಿಯೇಟಸ್ ಎಂಬ ಜಾತಿ. ಚಾರ್ಲ್ಸ್ ಡಾರ್ವಿನ್ ೧೮೩೧ರಿಂದ ೧೮೩೬ರವರೆಗೆ ಬೀಗಲ್ ನೌಕೆಯಲ್ಲಿ ಸಂಚರಿಸಿದಾಗ ಶೇಖರಿಸಿದ ಮೀನುಗಳಲ್ಲಿ ಇದೂ ಒಂದಾಗಿತ್ತು. ಆ ಮೀನುಗಳನ್ನು ಪರೀಕ್ಷಿಸಿ ವರ್ಣಿಸುವ ಹೊಣೆಯನ್ನು ಹೊತ್ತವನು ಲೆನರ್ಡ್ ಜೆನಿನ್ಸ್ ಎಂಬ ಪಾದ್ರಿ. ಬೀಗಲ್ ಯಾನದ ಅವಕಾಶವು ಮೊದಲು ಇವನನ್ನೇ ಅರಸಿಕೊಂಡು ಬಂದಿತ್ತು. ತನ್ನ ಚರ್ಚಿನ ಕರ್ತವ್ಯಗಳನ್ನು ಬಿಡಲಾರದೆ ಇವನು ಅದನ್ನು ನಿರಾಕರಿಸಿದ್ದನು. ತಾನು ಹೋಗದ ಯಾತ್ರೆಯಿಂದ ಬಂದ ಮೀನನ್ನು ಜೆನಿನ್ಸನು ೧೮೪೨ರಲ್ಲಿ ಲೋಕಕ್ಕೆ ಪರಿಚಯಿಸಿದನು. ಆದರೆ ಅವನ ಮೇಜಿನ ಮೇಲಿದ್ದುದು ಸತ್ತ ಮೀನು. ಅದರ ರೆಕ್ಕೆಯ ಮುಳ್ಳುಗಳನ್ನು ಎಣಿಸಬಹುದಾಗಿತ್ತು, ಫಲಕಗಳನ್ನು ಅಳೆಯಬಹುದಾಗಿತ್ತು. ಅದು ಹೇಗೆ ಉಸಿರಾಡುತ್ತಿತ್ತು, ಹೇಗೆ ಸಂಸಾರ ಮಾಡುತ್ತಿತ್ತು ಎಂಬುದನ್ನು ಆ ದೇಹದಿಂದ ತಿಳಿಯುವ ದಾರಿ ಇರಲಿಲ್ಲ. ಅದಕ್ಕೆ ಜೀವಂತ ಮೀನು ಬೇಕಾಗಿತ್ತು; ಅದನ್ನು ಹೊರಗಿನಿಂದ ನೋಡಲು ಗಾಜಿನ ಪಾತ್ರೆಯೂ ಬೇಕಾಗಿತ್ತು.

೩

ಗಾಜಿನ ತೊಟ್ಟಿಯ ಚರಿತ್ರೆಯನ್ನು ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಆರಂಭಿಸುವ ರೂಢಿಯುಂಟು. ಆದರೆ ಅದಕ್ಕೂ ಮುಂಚೆ, ೧೮೩೨ರಲ್ಲಿಯೇ, ಸಿಸಿಲಿಯ ಮೆಸ್ಸಿನಾ ನಗರದಲ್ಲಿದ್ದ ಝಾನ್ ವಿಲ್ಪ್ರೋ ಪವರ್ ಎಂಬ ಫ್ರೆಂಚ್ ಮಹಿಳೆಯು ಕಡಲಿನ ಜೀವಿಗಳನ್ನು ಅಭ್ಯಸಿಸುವುದಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿದ್ದಳೆಂಬುದನ್ನು ಮರೆಯಲಾಗದು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವು ೧೮೪೫ರಲ್ಲಿ ರದ್ದಾಯಿತು. ಗಾಜು ಅಗ್ಗವಾಗಿ ಮಧ್ಯಮ ವರ್ಗದವರ ಮನೆಗಳಿಗೆ ಬಂದಿತು. ೧೮೫೦ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಗಿಡವು ಬಿಡುಗಡೆ ಮಾಡುವ ಆಮ್ಲಜನಕದಿಂದ ಮೀನು ಬದುಕಬಲ್ಲುದೆಂದು ತೋರಿಸಿದನು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕವು ಅಕ್ವೇರಿಯಂ ಎಂಬ ಮಾತನ್ನು ಬಳಕೆಗೆ ತಂದಿತು.

ವಾರಿಂಗ್ಟನ್ನನ ತತ್ತ್ವವು ಸೊಗಸಾದುದಾದರೂ ಅದಕ್ಕೆ ಮಿತಿಯಿತ್ತು. ಗಿಡವು ಆಮ್ಲಜನಕವನ್ನು ಬಿಡುವುದು ಬೆಳಕಿರುವಾಗ ಮಾತ್ರ. ರಾತ್ರಿಯಲ್ಲಿ ಅದೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತದೆ. ನೀರಿಗೆ ಗಾಳಿಯೂಡುವ ವಿದ್ಯುತ್ ಪಂಪು, ನೀರನ್ನು ಬೆಚ್ಚಗಿಡುವ ವಿದ್ಯುತ್ ಉಪಕರಣ, ಇವು ಮನೆಗಳಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ದೂರದೇಶದ ಮೀನು ಎರಡು ಪರೀಕ್ಷೆಗಳನ್ನು ದಾಟಬೇಕಾಗಿತ್ತು: ಹಡಗಿನ ಪಾತ್ರೆಯ ಕೆಟ್ಟ ನೀರಿನಲ್ಲಿ ವಾರಗಟ್ಟಲೆ ಉಸಿರು ಹಿಡಿದಿರಬೇಕು; ಬಂದ ಮೇಲೆ ಯೂರೋಪಿನ ಕೋಣೆಯ ತಂಪನ್ನು ತಾಳಬೇಕು.

೪

ಪ್ಯಾರಿಸ್ಸಿನ ಪಿಯೇರ್ ಕಾರ್ಬೋನಿಯೇ ಎಂಬವನ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ನೋಡತಕ್ಕದ್ದು. ಮೀನು ಸಾಕಣೆಯೇ ಅವನ ವೃತ್ತಿ. ೧೮೬೯ರಲ್ಲಿ ಚೀನಾದಿಂದ ಬಂದ ಪ್ಯಾರಡೈಸ್ ಎಂಬ ಮೀನು ಅವನಲ್ಲಿ ಮರಿಮಾಡಿತು. ೧೮೭೫ರಲ್ಲಿ ಅವನು ಭಾರತದ ಕಾಮನಬಿಲ್ಲು ಮೀನಿನ ಗೂಡು ಕಟ್ಟುವ ಕ್ರಮವನ್ನು ಕುರಿತು ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ವರದಿ ಮಾಡಿದನು. ೧೮೭೮ರಲ್ಲಿ ಕೋರಿಡೋರಸ್ ಪೇಲಿಯೇಟಸ್ ಅವನ ತೊಟ್ಟಿಯಲ್ಲಿ ಮೊಟ್ಟೆಯಿಟ್ಟಿತು. ಈ ಮೂರು ಘಟನೆಗಳನ್ನು ಒಬ್ಬ ಪ್ರತಿಭಾಶಾಲಿಯ ಸತತ ಯಶಸ್ಸೆಂದು ಕೊಂಡಾಡಿ ಮುಗಿಸುವುದು ಸುಲಭ. ಆದರೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಸಂಗತಿ ಎದ್ದುಕಾಣುತ್ತದೆ: ಚೀನಾದ ಮೀನು, ಭಾರತದ ಮೀನು, ದಕ್ಷಿಣ ಅಮೆರಿಕದ ಮೀನು, ಈ ಮೂರೂ ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು.

ಮೊದಲಿನ ಎರಡಕ್ಕೆ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಗಾಳಿಯನ್ನು ಹಿಡಿದಿಡುವ ಒಂದು ಅಂಗವಿದೆ. ಕೋರಿಡೋರಸ್ಸಿನ ವ್ಯವಸ್ಥೆ ಇನ್ನೂ ವಿಚಿತ್ರವಾದುದು. ಅದು ಸರ್ರನೆ ಮೇಲಕ್ಕೇರಿ ಒಂದು ಗುಟುಕು ಗಾಳಿಯನ್ನು ನುಂಗುತ್ತದೆ. ಆ ಗಾಳಿ ಕರುಳಿಗೆ ಇಳಿಯುತ್ತದೆ. ಕರುಳಿನ ಹಿಂಭಾಗದ ಗೋಡೆ ಬಹಳ ತೆಳು, ರಕ್ತನಾಳಗಳು ಅಲ್ಲಿ ದಟ್ಟವಾಗಿವೆ. ಆಮ್ಲಜನಕವು ಅಲ್ಲಿಂದಲೇ ರಕ್ತವನ್ನು ಸೇರುತ್ತದೆ, ಉಳಿದ ಗಾಳಿ ಗುದದ್ವಾರದಿಂದ ಹೊರಬೀಳುತ್ತದೆ. ಇದಲ್ಲದೆ ಪೇಲಿಯೇಟಸ್ ಜಾತಿಯ ನೆಲೆ ಅಮೆಜಾನಿನ ಬಿಸಿಯ ಕಾಡಲ್ಲ. ಅರ್ಜೆಂಟೀನ, ಉರುಗ್ವೆ, ದಕ್ಷಿಣ ಬ್ರೆಜಿಲ್ ಪ್ರದೇಶಗಳ ಲಾ ಪ್ಲಾಟಾ ನದಿಯ ಸೀಮೆ. ಅಲ್ಲಿ ಚಳಿಗಾಲವುಂಟು. ಹೀಗಾಗಿ ಹಡಗಿನ ನೀರು, ಕೋಣೆಯ ತಂಪು ಎಂಬ ಎರಡು ಪರೀಕ್ಷೆಗಳಿಗೂ ಈ ಮೀನು ಹುಟ್ಟಿನಿಂದಲೇ ಸಿದ್ಧವಾಗಿತ್ತು. ಕಾರ್ಬೋನಿಯೇಯ ಕೌಶಲವನ್ನು ಇದು ಕುಗ್ಗಿಸುವುದಿಲ್ಲ. ಬದುಕಿ ಬಂದ ಮೀನೆಲ್ಲವೂ ಮೊಟ್ಟೆಯಿಡುವುದಿಲ್ಲವಷ್ಟೆ. ಆದರೂ ಯಾವ ಮೀನು ಮೊದಲು ಮನೆಯ ಮೀನಾಗಬೇಕೆಂಬ ಆಯ್ಕೆಯಲ್ಲಿ ಮನುಷ್ಯನ ಇಚ್ಛೆಗಿಂತ ಮೀನಿನ ಶರೀರದ ಪಾತ್ರವೇ ಹಿರಿದಾಗಿತ್ತೆಂದು ಹೇಳುವುದು ಯುಕ್ತವಾಗಿದೆ.

೫

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಸಂಗಮದ ಕಾಲದಲ್ಲಿ ಗಂಡುಮೀನು ಹೆಣ್ಣಿನ ಮುಖದ ಎದುರಿಗೆ ಅಡ್ಡಲಾಗಿ ನಿಲ್ಲುತ್ತದೆ. ಹೆಣ್ಣು ತನ್ನ ಬಾಯನ್ನು ಗಂಡಿನ ಜನನೇಂದ್ರಿಯದ ಬಳಿ ಒತ್ತಿ ಹಿಡಿಯುತ್ತದೆ. ಕೆಲವು ಕ್ಷಣಗಳಲ್ಲಿ ಹೆಣ್ಣು ತನ್ನ ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ ಅದರಲ್ಲಿ ಕೆಲವೇ ಮೊಟ್ಟೆಗಳನ್ನು ಇಡುತ್ತದೆ. ಆ ಬಳಿಕ ಗಾಜಿನ ಗೋಡೆಯನ್ನೋ ಎಲೆಯನ್ನೋ ಬಾಯಿಂದ ಉಜ್ಜಿ, ಅಂಟುಳ್ಳ ಆ ಮೊಟ್ಟೆಗಳನ್ನು ಅಲ್ಲಿ ಒತ್ತುತ್ತದೆ. ಈ ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ. ಇದಕ್ಕೆ ಗೂಢವಾದ ಸ್ಥಳ ಬೇಕಿಲ್ಲ. ಹಗಲಿನಲ್ಲಿ, ನೋಡುವವನ ಮೂಗಿನ ನೇರಕ್ಕೇ ನಡೆಯುವುದುಂಟು.

ಕಂಡದ್ದು ಒಂದೇ ಆದರೂ ಅದಕ್ಕೆ ಕೊಟ್ಟ ವಿವರಣೆಗಳು ಬೇರೆ ಬೇರೆ. ವೀರ್ಯವು ನೀರಿನಲ್ಲಿ ಹರಡಿ ಬೊಗಸೆಯಲ್ಲಿರುವ ಮೊಟ್ಟೆಗಳನ್ನು ತಲುಪುತ್ತದೆಂಬುದು ಒಂದು ಪಕ್ಷ. ಹೆಣ್ಣು ವೀರ್ಯವನ್ನು ಬಾಯಿಯಲ್ಲಿ ಹಿಡಿದು ಗಾಜಿಗೆ ಬಳಿದು, ಅದರ ಮೇಲೆ ಮೊಟ್ಟೆಯನ್ನು ಅಂಟಿಸುತ್ತದೆಂಬುದು ಇನ್ನೊಂದು ಪಕ್ಷ. ಎರಡನೆಯದು ಸಾಕಣೆಗಾರರಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಗಾಜನ್ನು ಬಾಯಿಂದ ಉಜ್ಜುವುದು ಕಣ್ಣಿಗೆ ಕಾಣುತ್ತಿದ್ದುದರಿಂದ ಅದನ್ನು ಸಂದೇಹಿಸುವ ಪ್ರಮೇಯವೇ ತೋರಲಿಲ್ಲ.

೧೯೯೫ರಲ್ಲಿ ಜಪಾನಿನ ಮಸನೋರಿ ಕೋಹ್ದಾ ಮತ್ತು ಅವರ ಸಹೋದ್ಯೋಗಿಗಳು ಕೋರಿಡೋರಸ್ ಏನಿಯಸ್ ಎಂಬ ಇನ್ನೊಂದು ಜಾತಿಯನ್ನು ಪರೀಕ್ಷಿಸಿ ಮೂರನೆಯ ಉತ್ತರವನ್ನು ಕೊಟ್ಟರು. ಸಂಗಮದ ಕ್ಷಣದಲ್ಲಿ ಹೆಣ್ಣಿನ ಬಾಯಿಯ ಬಳಿ ನೀಲಿ ಬಣ್ಣವನ್ನು ಬಿಟ್ಟಾಗ, ಕೆಲವೇ ಸೆಕೆಂಡುಗಳಲ್ಲಿ ಆ ಬಣ್ಣವು ಅದರ ಗುದದ್ವಾರದಿಂದ ಹೊರಬಂದು ರೆಕ್ಕೆಗಳ ಬೊಗಸೆಯ ಬಳಿ ಕಾಣಿಸಿತು. ಹೆಣ್ಣು ವೀರ್ಯವನ್ನು ನುಂಗುತ್ತದೆ. ಅದು ಕರುಳಿನ ಮೂಲಕ ಜೀರ್ಣವಾಗದೆ ಹರಿದು ಮೊಟ್ಟೆಗಳನ್ನು ಸೇರುತ್ತದೆ. ಬೇರೆ ಗಂಡಿನ ವೀರ್ಯವು ನಡುವೆ ಬೆರೆಯದಂತೆ ಇದೊಂದು ಭದ್ರವಾದ ಏರ್ಪಾಡು. ನುಂಗಿದ ಗಾಳಿಯನ್ನು ಹಿಂದಕ್ಕೆ ಸಾಗಿಸಿ ಹೊರಹಾಕುವ ಕರುಳೇ ವೀರ್ಯವನ್ನೂ ಇಷ್ಟು ಶೀಘ್ರವಾಗಿ ಸಾಗಿಸಲು ಅನುಕೂಲವಾಗಿರಬೇಕೆಂದು ಊಹಿಸಲು ಅವಕಾಶವಿದೆ. ಈ ಊಹೆ ನಿಲ್ಲುವುದಾದರೆ, ಮೀನನ್ನು ಪ್ಯಾರಿಸ್ಸಿನವರೆಗೆ ಬದುಕಿಸಿ ತಂದ ಅಂಗವೂ ೧೧೭ ವರ್ಷ ತನ್ನ ಗುಟ್ಟನ್ನು ಬಿಟ್ಟುಕೊಡದ ಅಂಗವೂ ಒಂದೇ ಆಗುತ್ತದೆ.

ಈ ಶತಮಾನಕಾಲ ನೋಡುವವರ ಕೊರತೆಯಿರಲಿಲ್ಲ, ನೋಡುವ ಅವಕಾಶದ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಪ್ರಶ್ನೆಯದು. ಮರಿಗಳು ಹೇಗೂ ಹುಟ್ಟುತ್ತಿದ್ದುದರಿಂದ ವಿವರಣೆಯನ್ನು ಒರೆಗೆ ಹಚ್ಚುವ ಅವಶ್ಯಕತೆ ಯಾರಿಗೂ ಬರಲಿಲ್ಲ. ಫಲ ಕೊಡುವ ಪದ್ಧತಿಯ ಹಿಂದೆ ತಪ್ಪು ಸಿದ್ಧಾಂತವು ಬಹುಕಾಲ ಸುಖವಾಗಿ ಬದುಕಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೬

ಹಾಗೆಂದು ಸಾಕಣೆಗಾರರ ಅರಿವನ್ನು ಹಗುರವಾಗಿ ಎಣಿಸುವುದು ಅನ್ಯಾಯವಾದೀತು. ಇಂದು ಮನೆಯಲ್ಲಿ ಈ ಮೀನನ್ನು ಮರಿಮಾಡಿಸುವವರು ಅನುಸರಿಸುವ ಕ್ರಮವನ್ನು ಗಮನಿಸಬೇಕು. ಒಂದು ಹೆಣ್ಣಿಗೆ ಎರಡು ಗಂಡುಗಳಂತೆ ಗುಂಪನ್ನು ಇಡುತ್ತಾರೆ. ಕೆಲವು ವಾರ ಜೀವಂತ ಹುಳುಗಳನ್ನು ತಿನ್ನಿಸುತ್ತಾರೆ. ಆಮೇಲೆ ತೊಟ್ಟಿಯ ನೀರಿನ ಒಂದು ಭಾಗವನ್ನು ತೆಗೆದು ತಂಪಾದ ಹೊಸನೀರನ್ನು ಸುರಿಯುತ್ತಾರೆ. ಮೀನಿಗೆ ಅದು ಮಳೆಗಾಲದ ಸೂಚನೆ. ಮೊಟ್ಟೆಗಳು ಕಂಡೊಡನೆ ಅವನ್ನಾಗಲಿ ಹಿರಿಯ ಮೀನುಗಳನ್ನಾಗಲಿ ಬೇರ್ಪಡಿಸುತ್ತಾರೆ. ಇಲ್ಲವಾದರೆ ಹೆತ್ತವೇ ತಿಂದುಹಾಕುತ್ತವೆ. ಫಲಿಸದ ಮೊಟ್ಟೆಗಳು ಬೆಳ್ಳಗಾಗಿ ಬೂಷ್ಟು ಹಿಡಿಯುತ್ತವೆ. ಅವನ್ನು ಆರಿಸಿ ತೆಗೆಯುತ್ತಾರೆ. ನೀರಿನ ಉಷ್ಣತೆಗೆ ಅನುಗುಣವಾಗಿ ಮೂರರಿಂದ ಐದಾರು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಒಡಲಿನ ಭಂಡಾರ ಮುಗಿದ ಮೇಲೆ ಉಪ್ಪುನೀರಿನ ಸಣ್ಣ ಸಿಗಡಿಯ ಆಗತಾನೆ ಒಡೆದ ಮರಿಗಳನ್ನು ಆಹಾರವಾಗಿ ಕೊಡುತ್ತಾರೆ. ಈ ಕ್ರಮದ ಬಹುಭಾಗ ಕೂಡಿಬಂದದ್ದು ಪ್ರಯೋಗಶಾಲೆಗಳಲ್ಲಲ್ಲ, ಮನೆಗಳಲ್ಲಿ. ೧೮೮೮ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಟ್ರೈಟನ್ ಎಂಬ ಸಂಘದಂಥ ಹವ್ಯಾಸಿಗಳ ಕೂಟಗಳು ಇಂಥ ಅರಿವನ್ನು ಕೈಯಿಂದ ಕೈಗೆ ದಾಟಿಸಿದುವು.

ಹೆಸರುಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ವಿಜ್ಞಾನವು ಇನ್ನೂ ಹೆಸರಿಡದ ಅನೇಕ ಕೋರಿಡೋರಸ್‌ಗಳು ವ್ಯಾಪಾರದ ಮೂಲಕ ಮನೆಗಳನ್ನು ಸೇರುತ್ತಿದ್ದುದರಿಂದ, ಜರ್ಮನಿಯ ಒಂದು ಹವ್ಯಾಸಿ ಪತ್ರಿಕೆಯು ೧೯೯೩ರಲ್ಲಿ ಅವುಗಳಿಗೆ ಕ್ರಮಸಂಖ್ಯೆಗಳನ್ನು ಕೊಡತೊಡಗಿತು. ೨೦೨೪ರಲ್ಲಿ ವಿಜ್ಞಾನಿಗಳು ಈ ದೊಡ್ಡ ಬಳಗವನ್ನು ಹಲವು ಕುಲಗಳಾಗಿ ಒಡೆದರು. ಅದರಂತೆ ಡಾರ್ವಿನ್ನನ ಮೀನು ಹಾಪ್ಲಿಸೋಮ ಎಂಬ ಕುಲಕ್ಕೂ ಜಪಾನಿನ ಪ್ರಯೋಗದ ಮೀನು ಆಸ್ಟಿಯೋಗ್ಯಾಸ್ಟರ್ ಎಂಬ ಕುಲಕ್ಕೂ ಸೇರಿವೆ. ಹಳೆಯ ಬರಹಗಳನ್ನು ಓದುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಒಂದು ಜಾತಿಯಲ್ಲಿ ಸಿದ್ಧವಾದುದನ್ನು ಬಳಗಕ್ಕೆಲ್ಲ ಅನ್ವಯಿಸುವಾಗ ಎಚ್ಚರಿಕೆ ಬೇಕೆಂಬುದನ್ನೂ ಇದು ಸೂಚಿಸುತ್ತದೆ.

೭

ಈ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಮೊದಲನೆಯದಾಗಿ, ‘ಮೊತ್ತಮೊದಲು’ ಎಂಬ ಗೌರವವನ್ನು ಒಬ್ಬ ವ್ಯಕ್ತಿಗೆ ಸಲ್ಲಿಸುವ ಮುನ್ನ ಅವನಿಗೆ ಆ ಅವಕಾಶವನ್ನು ಒದಗಿಸಿದ ಸಂದರ್ಭಗಳನ್ನು ತೂಗಿ ನೋಡಬೇಕು. ಗಾಜಿನ ಸುಂಕವೂ ಮೀನಿನ ಕರುಳೂ ಆ ತೂಕದಲ್ಲಿ ಸೇರತಕ್ಕವು. ಎರಡನೆಯದಾಗಿ, ಸಾಧನೆಯ ದಿನಾಂಕವನ್ನು ಅರಿವಿನ ದಿನಾಂಕವೆಂದು ಭ್ರಮಿಸಬಾರದು. ಮೂರನೆಯದು ಇಂದಿನ ಸಾಕಣೆಗಾರರಿಗೆ ಸಂಬಂಧಿಸಿದುದು. ಪೇಲಿಯೇಟಸ್, ಏನಿಯಸ್ ಮೊದಲಾದ ಕೆಲವು ಜಾತಿಗಳನ್ನು ಈಗ ವ್ಯಾಪಾರಕ್ಕಾಗಿ ತೊಟ್ಟಿಗಳಲ್ಲಿಯೇ ಬೆಳೆಸುತ್ತಾರೆ. ಆದರೆ ಬಳಗದ ಅನೇಕ ಜಾತಿಗಳನ್ನು ಇಂದಿಗೂ ದಕ್ಷಿಣ ಅಮೆರಿಕದ ಹೊಳೆಗಳಿಂದಲೇ ಹಿಡಿದು ತರುತ್ತಾರೆ. ಅವು ಮನೆಯಲ್ಲಿ ಮರಿಮಾಡುವ ಬಗೆಯನ್ನು ಕಂಡವನು ನೀರಿನ ಉಷ್ಣತೆ, ದಿನ, ಮೊಟ್ಟೆಗಳ ಸಂಖ್ಯೆ ಇವುಗಳನ್ನು ಬರೆದಿಟ್ಟರೆ ಅದು ಮುಂದಿನವರಿಗೆ ಆಧಾರವಾಗುತ್ತದೆ. ಫಲಿಸದೆ ಹೋದ ಪ್ರಯತ್ನಗಳನ್ನೂ ಅವನು ಬರೆಯಬೇಕು. ನಮ್ಮ ಶಾಸನಗಳು ದಾನ ವಿಜಯಗಳನ್ನು ಹೇಳಿ ಸೋಲುಗಳನ್ನು ಬಿಡುವಂತೆ, ಸಾಕಣೆಯ ಬರಹಗಳೂ ಹುಟ್ಟಿದ ಮರಿಗಳನ್ನು ಎಣಿಸಿ ಬೂಷ್ಟು ಹಿಡಿದ ಮೊಟ್ಟೆಗಳನ್ನು ಬಿಟ್ಟುಬಿಡುತ್ತವೆ. ಪ್ರಶ್ನೆಯು ಹುಟ್ಟುವುದು ಬಹಳ ಸಲ ಆ ಬಿಟ್ಟುಹೋದ ಸಾಲಿನಲ್ಲಿಯೇ.