ಉಚಿತ ಪಠ್ಯಪುಸ್ತಕ ಯೋಜನೆ

ಪ್ರಾಥಮಿಕ ಶಾಲಾ ವಿದ್ಯಾರ್ಥಿಗಳಿಗೆ ಅವಶ್ಯವಾದ ಪಠ್ಯಪುಸ್ತಕಗಳನ್ನು ಸರ್ಕಾರದ ವೆಚ್ಚದಲ್ಲಿ ಮುದ್ರಿಸಿ, ಬೆಲೆ ಪಡೆಯದೆ ವಿತರಿಸುವ ಶೈಕ್ಷಣಿಕ ವ್ಯವಸ್ಥೆ. ಭಾರತದಲ್ಲಿ 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರ್ಪಡೆಯಾದ 21ಎ ವಿಧಿಯೂ, ತದನುಸಾರವಾಗಿ ರಚಿತವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮವೂ 6ರಿಂದ 14 ವರ್ಷದ ಬಾಲಕ ಬಾಲಿಕೆಯರ ವಿಷಯದಲ್ಲಿ ಇದಕ್ಕೆ ಶಾಸನಬಲವನ್ನಿತ್ತಿವೆ. ಅದಕ್ಕೂ ಮೊದಲೇ ಸರ್ವ ಶಿಕ್ಷಣ ಅಭಿಯಾನದ ಮೂಲಕ ದೊರೆಯುತ್ತಿದ್ದ ಕೇಂದ್ರಾನುದಾನವು 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂತರ್ಗತವಾಗಿದ್ದು, ಅದರನ್ವಯ ಪ್ರತಿ ವಿದ್ಯಾರ್ಥಿಗೆ ವಾರ್ಷಿಕ ಗರಿಷ್ಠ ಮಿತಿಯು ಕಿರಿಯ ಪ್ರಾಥಮಿಕ ಹಂತದಲ್ಲಿ 250 ರೂಪಾಯಿ, ಹಿರಿಯ ಪ್ರಾಥಮಿಕ ಹಂತದಲ್ಲಿ 400 ರೂಪಾಯಿ ಎಂದು ನಿಗದಿಯಾಗಿದೆ. ವೆಚ್ಚವನ್ನು ಬಹುತೇಕ ರಾಜ್ಯಗಳೊಡನೆ ಕೇಂದ್ರವು 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ಕಾರ್ಯವು ಕರ್ನಾಟಕ ಪಠ್ಯಪುಸ್ತಕ ಸಂಘದ ಹೊಣೆಯಾಗಿದ್ದು, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳು ಪ್ರಾಥಮಿಕ ಹಂತವನ್ನು ದಾಟಿ ಹತ್ತನೆಯ ತರಗತಿಯವರೆಗೂ ಇದರ ಫಲಾನುಭವಿಗಳಾಗಿರುವರು. ಅನುದಾನರಹಿತ ಶಾಲೆಗಳು ಪುಸ್ತಕಗಳನ್ನು ಬೆಲೆ ತೆತ್ತು ಪಡೆಯುತ್ತವೆ. ಶಾಲೆಗಳು ದಾಖಲಾತಿಯ ಆಧಾರದಿಂದ ಸಲ್ಲಿಸುವ ಬೇಡಿಕೆಯಂತೆ ಕನ್ನಡ, ಉರ್ದು, ಮರಾಠಿ, ತಮಿಳು, ತೆಲುಗು ಮೊದಲಾದ ಮಾಧ್ಯಮಗಳಲ್ಲಿ ಮುದ್ರಿತವಾದ ಪ್ರತಿಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳ ಉಗ್ರಾಣಗಳಿಗೆ ಬಂದು, ಅಲ್ಲಿಂದ ಗ್ರಾಮಗ್ರಾಮದ ಶಾಲೆಗಳನ್ನು ತಲಪುತ್ತವೆ. ಮುದ್ರಣವಾಗಲಿ ಸಾಗಣೆಯಾಗಲಿ ವಿಳಂಬಿಸಿದಲ್ಲಿ ಶಾಲಾರಂಭದ ಪಾಠಗಳು ಕುಂಠಿತವಾಗುವುದರಿಂದ ಸಕಾಲಿಕ ವಿತರಣೆಯು ಯೋಜನೆಯ ಸಾಫಲ್ಯಕ್ಕೆ ಅತ್ಯಗತ್ಯ. ದರಿದ್ರ ಕುಟುಂಬಗಳ ವೆಚ್ಚಭಾರವನ್ನು ತಗ್ಗಿಸಿ, ಒಂದೇ ತರಗತಿಯ ಸಕಲ ಮಕ್ಕಳ ಕೈಯಲ್ಲೂ ಒಂದೇ ಪುಸ್ತಕವಿರುವಂತೆ ಮಾಡುವುದು ಇದರ ಪ್ರಧಾನ ಮಹತ್ತ್ವ.